ಬೆಲ್ಟಿನ ತುದಿ

ಸುಂದ್ರವ್ವನ ಹೊಲಿಗೆಗೆ ಹೆಸರಿಡುವ ಗಂಡಸು ಮುಂಬಯಿಯ ಬೈಕುಲ್ಲಾದಲ್ಲಿ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಅವಳೆದುರು ಬಾಯಿ ತೆರೆಯುವ ಎದೆಗಾರಿಕೆ ಅವನಿಗೆ ಇರಲಿಲ್ಲ ಎನ್ನಿ. ಲಾರಿಗೆ ಹೊದಿಸುವ ತಾಡಪತ್ರಿ, ಹಮಾಲರ ಪಟ್ಟಿ, ಸರ್ಕಸ್ಸಿನವರ ಬಲೆ, ಏನೇ ಬರಲಿ, ಅವಳ ಮಿಶನ್ನಿನಡಿ ಹಾದುಹೋದದ್ದು ಹರಿದು ವಾಪಸು ಬಂದದ್ದಿಲ್ಲ. ವಿಜಾಪುರದ ಕಡೆ ಹಳೆಬಟ್ಟೆ ಜೋಡಿಸಿ ಕೌದಿ ಹೊಲಿದು ಬೆಳೆದ ಕೈ ಅದು. ಅವಳು ದುಡಿಯುತ್ತಿದ್ದ ಕಾರ್ಖಾನೆಯ ಮಾಲೀಕ ಕೂಡ ಅವಳ ಕತ್ತರಿ ಮುಟ್ಟುವ ಮುನ್ನ ಕೇಳುತ್ತಿದ್ದ.

ಎಂಬತ್ತೆಂಟರ ಚಳಿಗಾಲದಲ್ಲಿ ಆ ಕಾರ್ಖಾನೆಗೆ ಕೇಶವಮೂರ್ತಿ ಬಂದರು. ಮೈಸೂರಿನವರು, ವಾಯುಪಡೆಯಿಂದ ನಿವೃತ್ತರಾಗಿ, ಕಲ್ಯಾಣದಾಚೆಯ ಮೈದಾನವೊಂದರಲ್ಲಿ ಪುಟ್ಟ ವಿಮಾನ ಹಾರಿಸಲು ಕಲಿಸುತ್ತಿದ್ದರು. ಅಲ್ಟ್ರಾಲೈಟ್ ಅಂತ ಅದರ ಹೆಸರು. ಬಾಗಿಲಿಲ್ಲ, ಕಿಟಕಿಯಿಲ್ಲ, ನಾಲ್ಕು ಪೈಪು, ರೆಕ್ಕೆಗೊಂದಿಷ್ಟು ಬಟ್ಟೆ, ಬೆನ್ನ ಹಿಂದೆ ಗುರುಗುಟ್ಟುವ ಒಂದು ಇಂಜಿನ್. ಅದು ಆಕಾಶದಲ್ಲಿ ಕೈಕೊಟ್ಟರೆ ಪೈಲಟ್ ಪ್ಯಾರಾಶೂಟ್ ಬಿಚ್ಚಿ ಇಳಿಯಬೇಕು. ಹಾಗೆ ಇಳಿಯುವಾಗ ಅವನನ್ನು ಹಿಡಿದಿಡುವುದು ಎದೆ, ಸೊಂಟ, ತೊಡೆ ಸುತ್ತಿದ ಬೆಲ್ಟು ಮಾತ್ರ.

"ಹೊರದೇಶದಿಂದ ತರಿಸೋಕೆ ಆರು ತಿಂಗಳಾಗುತ್ತೆ ಕಣ್ರಮ್ಮಾ. ಅಲ್ಲೀವರೆಗೂ ಹುಡುಗರನ್ನ ನೆಲದ ಮೇಲೇ ಕೂರಿಸಲಾ? ನೀವು ಹೊಲಿದುಕೊಡ್ತೀರಾ?" ಎಂದು ಕೇಳಿದರು.

"ಕೊಡತೀನ್ರಿ ಸಾಹೇಬ್ರ. ಆದ್ರ ನಾ ಹೊಲದ ಬೆಲ್ಟಿನಾಗಿಂದ ಯಾರರೆ ಬಿದ್ರ, ಮರುದಿನಾನೇ ಸೂಜಿ ಬಿಡತೀನಿ" ಎಂದಳು ಸುಂದ್ರವ್ವ.

ಕೇಶವಮೂರ್ತಿ ನಕ್ಕರು. ಪಕ್ಕದಲ್ಲಿ ಪಟ್ಟಿ ಅಳೆದು ಕತ್ತರಿಸುತ್ತಿದ್ದ ಅವಳ ಗಂಡ ಮರೆಪ್ಪ ನಗಲಿಲ್ಲ. ಮಾತಿನ ಬೇರು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು.

ಏಳು ವರ್ಷದ ಹಿಂದೆ ಘಾಟ್ಕೋಪರಿನ ಬಿಲ್ಡಿಂಗೊಂದಕ್ಕೆ ಬಣ್ಣ ಹೊಡೆಯುವಾಗ ಮರೆಪ್ಪನ ಕಾಲ ಕೆಳಗಿನ ಬಿದಿರು ಜಾರಿತ್ತು. ಅವನೇ ಹೇಳುವ ಪ್ರಕಾರ, ಸೊಂಟದ ಬೆಲ್ಟಿನಲ್ಲಿ ಒಂದು ಗಳಿಗೆ ನೇತಾಡಿ, ಬಿದಿರಿಗೆ ಕಾಲು ಸಿಗಲೆಂದು ಒದ್ದಾಡಿ, ಎರಡನೇ ಮಾಳಿಗೆಯಿಂದ ಕೆಳಗೆ ಬಿದ್ದ. ಎಡಗಾಲು ಮೋಟಾಯಿತು. ಬೆಲ್ಟು ಮಾತ್ರ ಮೇಲೆ ಕಟ್ಟಿದ ಹಗ್ಗದಲ್ಲೇ, ಎಲ್ಲೂ ಹರಿಯದೆ ಹೊಸದರಂತೆ ತೂಗುತ್ತಿತ್ತು. ಕಂತ್ರಾಟುದಾರನಿಗೆ ಅಷ್ಟೇ ಸಾಕಾಯಿತು. "ಬಕಲ್ ಹಾಕಿರಲೇ ಇಲ್ಲ, ಕುಡಿದಿದ್ದ" ಎಂದು ಕೈತೊಳೆದುಕೊಂಡ. "ಹಾಕಿದ್ದೆ, ನನ್ನ ಕೈಯಾರೆ ಹಾಕಿದ್ದೆ" ಎಂದು ಮರೆಪ್ಪ ಕಂಡಕಂಡವರಿಗೆಲ್ಲ ಹೇಳಿದ. ಒಂದು ದಿನ ಜಗಳದ ಬಿಸಿಯಲ್ಲಿ ಸುಂದ್ರವ್ವನೇ, "ಹಾಕಿದ್ರ ಹ್ಯಾಂಗ ಬಿದ್ರಿ?" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವನು ಆ ವಿಷಯ ಎತ್ತಲಿಲ್ಲ. ಗಂಡ ಸುಳ್ಳನೋ ಅಲ್ಲವೋ ಎಂಬುದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಹದಿನೈದು ದಿನದಲ್ಲಿ ಬೆಲ್ಟು ಸಿದ್ಧವಾಯಿತು. ಗಂಡಹೆಂಡತಿ ಇಬ್ಬರೂ ಲೋಕಲ್ ರೈಲು ಹಿಡಿದು ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಟೆಂಪೋ ಹತ್ತಿ ಮೈದಾನ ಮುಟ್ಟಿದರು. ಶೆಡ್ಡಿನ ಕಬ್ಬಿಣದ ತೊಲೆಗೆ ಬೆಲ್ಟನ್ನು ತೂಗುಹಾಕಿ, ಇಬ್ಬರು ಆಳಿನ ತೂಕದ ಮರಳು ಮೂಟೆ ಕಟ್ಟಿದರು. ಒಂದು ತಾಸು ಕಳೆದರೂ ಒಂದು ಹೊಲಿಗೆ ಮಿಸುಕಲಿಲ್ಲ.

"ಪಾಸ್!" ಎಂದರು ಕೇಶವಮೂರ್ತಿ.

"ಮೂಟಿ ಪಾಸಾತು. ಮನಷ್ಯಾ ಆಗಬೇಕಲ್ರಿ?" ಎಂದಳು ಸುಂದ್ರವ್ವ. "ಹೊಲದಾಕಿ ನಾನು. ಮೊದಲ ನಾನೇ ಜೋತಾಡತೀನಿ."

ಬೇಡವೆಂದರೆ ಕೇಳುವ ಹೆಣ್ಣೇ ಅದು? ಇಳಕಲ್ ಸೀರೆಗೆ ಕಚ್ಚೆ ಬಿಗಿದು, ಬೆಲ್ಟು ತೊಟ್ಟು, ಎಲ್ಲ ಬಕಲುಗಳನ್ನೂ ತಾನೇ ಹಾಕಿ, ಎಲ್ಲರೆದುರು ಎಳೆದೆಳೆದು ತೋರಿಸಿದಳು. ನಾಲ್ಕು ಜನ ಹಗ್ಗ ಜಗ್ಗಿ ಅವಳನ್ನು ಮೊಳವೆರಡು ಮೇಲೆತ್ತಿದರು. ಕಲಿಯಲು ಬಂದ ಗುಜರಾತಿ, ಪಾರ್ಸಿ ಹುಡುಗರು ಸುತ್ತ ನಿಂತು ಸಿಳ್ಳೆ ಹೊಡೆದರು.

ಪೈಲಟ್‌ಗಳಿಗೆ ಅಲ್ಲಿ ಒಂದು ಕವಾಯತು ಇತ್ತು. ತೂಗುಬಿದ್ದವನು ಅಪ್ಪಣೆಯಾದ ಕೂಡಲೇ ಎದೆಯ ಮೇಲಿನ ಕೆಂಪು ಹಿಡಿಕೆ ಎಳೆಯಬೇಕು. ಪ್ಯಾರಾಶೂಟ್ ಬಿಚ್ಚುವುದು ಅದರಿಂದಲೇ. ಅಪ್ಪಣೆ ಕೊಡುವವನು ಸಾವಂತ ಎಂಬ ದಾದರಿನ ಮರಾಠಿಯವ. ಸುಂದ್ರವ್ವನಿಗೆ ಎಲ್ಲ ವಿವರಿಸಿ, ಒಮ್ಮೆಲೇ ಗಂಟಲು ಹರಿಯುವಂತೆ ಕೂಗಿದ:

"ಓಢ! ಓಢ!"

ಎಳೆ ಅಂತ ಅವನ ಅರ್ಥ. ಸುಂದ್ರವ್ವನಿಗೆ ಮರಾಠಿ ಬಾರದ್ದೇನಲ್ಲ, ಭಾಜಿ ಮಾರ್ಕೆಟ್ಟಿನಲ್ಲಿ ಚೌಕಾಶಿಗೆ ನಿಂತರೆ ಮರಾಠಿಯವರೇ ಸೋಲುತ್ತಿದ್ದರು. ಆದರೆ ಕಾಲ ಕೆಳಗೆ ನೆಲವಿಲ್ಲದಾಗ ಯಾರ ಕಿವಿಗೂ ತಾಯಿಮಾತೇ ಮೊದಲು ಕೇಳುವುದು. ಅವಳ ಕಿವಿಗೆ ಬಿದ್ದದ್ದು "ಓಡ! ಓಡ!" ಎಂದು. ಓಡಿದಳು! ಗಾಳಿಯಲ್ಲೇ, ಲೋಕಲ್ ತಪ್ಪಿಹೋಗುತ್ತಿರುವವಳ ಹಾಗೆ ಎರಡೂ ಕಾಲು ಬೀಸಿ ಬೀಸಿ ಓಡಿದಳು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾವಂತನೂ ನಗುತ್ತ ಕೂತುಬಿಟ್ಟ.

ಹತ್ತು ಹೆಜ್ಜೆ ಆಗಿರಬಹುದು. ಬಲತೊಡೆಯ ಬೆಲ್ಟು ಸರ್ರನೆ ಬಿಚ್ಚಿಕೊಂಡಿತು. ಸುಂದ್ರವ್ವ ಒಂದು ಕಡೆ ವಾಲಿ ತಲೆಕೆಳಗಾದಳು.

ನಗು ನಿಂತಿತು. ಓಡಿಬಂದು ಇಳಿಸಿದರು. ಪೆಟ್ಟೇನೂ ಆಗಿರಲಿಲ್ಲ. ಸೆರಗು ಸರಿಮಾಡಿಕೊಳ್ಳುವುದನ್ನೂ ಮರೆತು ಅವಳು ಬೆಲ್ಟನ್ನು ಕೈಗೆತ್ತಿಕೊಂಡಳು. ಹರಿದಿರಲಿಲ್ಲ. ಹೊಲಿಗೆ ಬಿಟ್ಟಿರಲಿಲ್ಲ. ಕಾಲು ಮಡಚಿದಾಗ ಪಟ್ಟಿ ಸಡಿಲು, ಚಾಚಿದಾಗ ಬಿಗಿ. ಹಾಗೆ ಸಡಿಲು ಬಿಗಿ ಆಗುತ್ತಾ ಆಗುತ್ತಾ ಅದರ ತುದಿ ಬಕಲಿನೊಳಗಿಂದ ಬೆರಳುಬೆರಳಷ್ಟೇ ಸರಿದು ಹೊರಬಿದ್ದಿತ್ತು. ಮರಳು ಮೂಟೆ ಕಾಲು ಬಡಿಯುವುದಿಲ್ಲ. ಜೀವ ಉಳಿಸಿಕೊಳ್ಳಬೇಕಾದ ಮನುಷ್ಯ ಬಡಿಯುತ್ತಾನೆ.

ಅವಳು ತಲೆಯೆತ್ತಿ ಗಂಡನನ್ನು ನೋಡಿದಳು. ಮರೆಪ್ಪ ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದ.

"ಬಕಲ್ ಹಾಕಿದ್ರಿ ನೀವು," ಎಂದಳು. "ಹಾಕಿದ್ರಿ."

"ಹೂಂ" ಎಂದನಷ್ಟೇ ಅವನು.

ಸುಂದ್ರವ್ವನಿಗೆ ಅಲ್ಲೇ ಕೂತು ಅಳಬೇಕೆನಿಸಿತು. ಅಳಲಿಲ್ಲ. ಸಾಹೇಬರ ಕಡೆ ತಿರುಗಿ, "ಇದು ಪಾಸಾಗಿಲ್ರಿ. ಎಂಟು ದಿನ ಕೊಡ್ರಿ" ಎಂದು ಬೆಲ್ಟು ಸುತ್ತಿ ಬಗಲಿಗಿಟ್ಟಳು.

ಮದ್ದು ದೊಡ್ಡದೇನಲ್ಲ. ಪಟ್ಟಿಯನ್ನು ಬಕಲಿನಲ್ಲಿ ತೂರಿಸಿದ ಮೇಲೆ ತುದಿಯನ್ನು ಕೌದಿಯ ಅಂಚಿನ ಹಾಗೆ ಮೂರು ಮಡಿಕೆ ಮಡಚಿ ಹೊಲಿದುಬಿಟ್ಟಳು. ಆ ಗಂಟು ಏನು ಮಾಡಿದರೂ ಬಕಲು ದಾಟದು. ಎಂಟನೇ ದಿನ ಮತ್ತೆ ತೊಲೆಗೆ ನೇತುಬಿದ್ದು ಓಡಿದಳು. ಸಾವಂತ ಓಡಿದ. ಮೂಗಿನ ಮೇಲೆ ಕನ್ನಡಕ ಕುಣಿಸುತ್ತ ಕೇಶವಮೂರ್ತಿಯವರೂ ಓಡಿದರು. ಸಾಕುಸಾಕಾಗುವವರೆಗೆ ಓಡಿದರೂ ಬೆಲ್ಟು ಬಿಡಲಿಲ್ಲ. ಅವತ್ತೇ ಕೇಶವಮೂರ್ತಿ ಅದನ್ನು ತೊಟ್ಟು ವಿಮಾನ ಹತ್ತಿದರು. ಮೈದಾನದ ಮೇಲೆ ಮೂರು ಸುತ್ತು ಹೊಡೆದು ಇಳಿಯುವವರೆಗೆ ಸುಂದ್ರವ್ವ ಕತ್ತು ಇಳಿಸಲಿಲ್ಲ. ತನ್ನ ಕೈಯ ದಾರ ಆಕಾಶ ಮುಟ್ಟಿ ಬಂತಲ್ಲ ಎಂದು ಅವಳ ಎದೆ ಉಬ್ಬಿತ್ತು.

ಇಳಿದವರೇ ಕೇಶವಮೂರ್ತಿ ಸುರಕ್ಷತೆಯ ರಿಜಿಸ್ಟರ್ ತರಿಸಿದರು. ಇನ್ನು ಮುಂದೆ ಯಾವ ಹುಡುಗನೇ ಆಗಲಿ, ತೊಲೆಗೆ ತೂಗುಬಿದ್ದು ಓಡಿದ ಮೇಲೆಯೇ ವಿಮಾನ ಹತ್ತಬೇಕು ಎಂದು ಎಲ್ಲರ ಮುಂದೆ ಬರೆದರು. ಆಮೇಲೆ ಪೆನ್ನು ಹಿಡಿದೇ ಕೇಳಿದರು: "ಬೆಲ್ಟಿನ ಈ ದೋಷ ಮೊದಲು ಕಂಡುಹಿಡಿದವರು ಯಾರು ಅಂತ ಬರೀಬೇಕು. ನಿಮ್ಮ ಪೂರ್ತಿ ಹೆಸರು ಹೇಳೀಮ್ಮಾ."

"ನಾನಲ್ರಿ. ನಮ್ಮ ಮನ್ಯಾರು. ಏಳು ವರ್ಷದ ಹಿಂದನೇ ಹೇಳಿದ್ರು. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ."

"ಅವರ ಹೆಸರು?"

ಮರೆಪ್ಪ ತಾನೇ ಹೇಳಲು ಬಾಯಿ ತೆರೆದ. ಅವಳ ಕಡೆಯ ಹೆಂಗಸರು ಗಂಡನ ಹೆಸರು ಹಿಡಿಯುವುದಿಲ್ಲ. ಹಿಡಿಯಲೇಬೇಕಾಗಿ ಬಂದರೆ ಒಡಪು ಕಟ್ಟಿ, ಪದ್ಯದ ಮರೆಯಲ್ಲಿ, ನಾಚುತ್ತ ಹೇಳುತ್ತಾರೆ. ಸುಂದ್ರವ್ವ ಮದುವೆಯ ದಿನ ಒಮ್ಮೆ ಹಾಗೆ ಹೇಳಿದ್ದಳು. ಆಮೇಲೆ ಇಪ್ಪತ್ತೆರಡು ವರ್ಷ ಆ ಹೆಸರು ಅವಳ ನಾಲಿಗೆ ಮೇಲೆ ಬಂದಿರಲಿಲ್ಲ.

ಅವಳು ಕೈ ಅಡ್ಡಹಿಡಿದು ಅವನನ್ನು ತಡೆದಳು. ಇಡೀ ಶೆಡ್ಡಿಗೆ ಕೇಳುವಂತೆ ಹೇಳಿದಳು:

"ಮರೆಪ್ಪ. ಬರಕೋರಿ ಸಾಹೇಬ್ರ, ಮರೆಪ್ಪ."