ಮೂರನೇ ಭಾಗಕ್ಕೆ ಆಧಾರ

ಹದಿನಾಲ್ಕು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ಕೂತು ಕಂಡವರ ಮಹಾಪ್ರಬಂಧಗಳಿಗೆ ರಟ್ಟು ಅಂಟಿಸಿದವಳಿಗೆ, ತಾನೂ ಒಂದನ್ನು ಬರೆದು ಬಿಸಾಕಬಹುದು ಅನ್ನಿಸಿದರೆ ಆಶ್ಚರ್ಯವೇನಿಲ್ಲ. ಕೈಗೆ ಬಂದ ಪ್ರತಿಯೊಂದರ ಮೊದಲ ಪುಟ, ಕೊನೆಯ ಪುಟ ಓದದೆ ಅವಳು ಅಂಟು ಮುಟ್ಟುತ್ತಿರಲಿಲ್ಲ. ನಡುವಿನ ಮುನ್ನೂರು ಪುಟವನ್ನು ಬರೆದವರೇ ಓದಿರುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಹೀಗೆ ಹೆಕ್ಕಿ ಹೆಕ್ಕಿ ಕಲಿತ ‘ಅಸ್ಮಿತೆ’, ‘ಪರಿಕಲ್ಪನೆ’ಗಳನ್ನು ಊಟದ ಹೊತ್ತಿನಲ್ಲೂ ಉದುರಿಸುತ್ತಿದ್ದುದರಿಂದ ಅಂಗಡಿಯವರು ಅವಳನ್ನು ಪಂಡಿತಮ್ಮ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆ ಎಂದೇ ಅವಳು ತಿಳಿದಿದ್ದಳು.

ಊರಿನ ಇತಿಹಾಸ ಬಳಗದವರು, ಯಾರು ಬೇಕಾದರೂ ಸಂಶೋಧನಾ ಲೇಖನ ಬರೆಯಬಹುದು, ಶನಿವಾರದೊಳಗೆ ಒಂದು ಪುಟದ ಯೋಜನೆ ಕೊಡಿ ಎಂದಿದ್ದರು. ಶೀರ್ಷಿಕೆಗೇ ಅವಳಿಗೆ ಎರಡು ದಿನ ಹಿಡಿಯಿತು: ‘ಬೈಂಡಿಂಗ್ ಕೆಲಸಗಾರರ ಸಮುದಾಯ: ಅಸ್ಮಿತೆ ಮತ್ತು ನಮ್ಮವರೆಂಬ ಭಾವ’. ಅದರ ಕೆಳಗೆ ಮೊದಲ ವಾಕ್ಯ: ‘ನಾನು ಈ ಸಮುದಾಯದ ಒಳಗಿನವಳೇ ಆಗಿರುವುದರಿಂದ...’ ಅದನ್ನು ಓದಿಕೊಂಡು ಅವಳಿಗೇ ಕಣ್ಣು ತುಂಬಿ ಬಂತು. ಒಂದನೇ ಭಾಗ ಅಂಗಡಿ ಬೆಳೆದ ಬಗೆ, ಎರಡನೆಯದು ಉಪಕರಣಗಳು, ಮೂರನೆಯದು ಹೊಸಬರು ನಮ್ಮವರಾಗುವುದು ಹೇಗೆ. ಮೂರಕ್ಕೆ ಮಾತ್ರ ಆಧಾರ ಬೇಕಿತ್ತು.

ಬುಧವಾರ ಊಟದ ಹೊತ್ತಿಗೆ ನೋಟ್‌ಬುಕ್ ಹಿಡಿದು ಮೇಸ್ತ್ರಿಯ ಎದುರು ಕೂತಳು.

“ಮೇಸ್ತ್ರಿಯಣ್ಣಾ, ಈ ಅಂಗಡೀಲಿ ನಮ್ಮವರು ಅಂದ್ರೆ ಯಾರ್ಯಾರು?”

ಮೇಸ್ತ್ರಿ ಬೆರಳು ಮಡಚತೊಡಗಿದ. “ನಾನು. ಹೊಲಿಗೆ ಅಕ್ಕ. ಕಟಿಂಗ್ ಮಷೀನಿನವನು. ಹೋದ ವರ್ಷ ಕೆಲಸ ಬಿಟ್ನಲ್ಲ, ಕುಂಟಣ್ಣ, ಅವನೂನೂ. ಚಹಾ ತರೋನು.”

“ಬೆಕ್ಕನ್ನ ಬಿಟ್ಯಲ್ಲೋ,” ಎಂದಳು ಹೊಲಿಗೆ ಅಕ್ಕ, ದಾರಕ್ಕೆ ಮೇಣ ಹಚ್ಚುತ್ತಾ.

“ಹ್ಞಾಂ, ಬೆಕ್ಕು.”

ಪಂಡಿತಮ್ಮ ಬರೆಯುತ್ತಾ ಬರೆಯುತ್ತಾ ನಿಲ್ಲಿಸಿದಳು. “ಮತ್ತೆ ನಾನು?”

ಮೇಸ್ತ್ರಿ ತುತ್ತು ನುಂಗಿ ನೀರು ಕುಡಿದ. “ನೀನು ಓದೋಳು ಕಣಮ್ಮಾ.”

“ಓದಿದ್ರೆ ಏನು ತಪ್ಪು?”

“ತಪ್ಪಲ್ಲ. ಹೋದ ವರ್ಷ ನಾನು ನಾಕನೇ ಅಧ್ಯಾಯಾನ ಎರಡನೇದರ ಮುಂದೆ ಸೇರಿಸ್ಬಿಟ್ಟಿದ್ದೆ. ನೀನು ಓದಿ ಕಂಡುಹಿಡಿದೆ. ನನ್ನ ಕಿವೀಲಿ ಒಂದು ಮಾತು ಹೇಳಿದ್ರೆ ಬಿಚ್ಚಿ ಹೊಲೀತಿದ್ವಿ. ನೀನು ನೆಟ್ಟಗೆ ಯಜಮಾನರ ಹತ್ರ ಹೋದೆ.”

ಅವಳಿಗೆ ನೆನಪಿತ್ತು. ಗಿರಾಕಿಯ ಎದುರೇ ಯಜಮಾನರು ಮೇಸ್ತ್ರಿಗೆ ಮುಖ ಎತ್ತದಂತೆ ಬೈದಿದ್ದರು. ತಾನು ಆ ದಿನ ಮನೆಗೆ ಹೋಗಿ ತನ್ನ ಜಾಗರೂಕತೆಯನ್ನು ತಂಗಿಯ ಮುಂದೆ ಎರಡೆರಡು ಸಲ ಹೊಗಳಿಕೊಂಡದ್ದೂ ನೆನಪಿತ್ತು. ನೋಟ್‌ಬುಕ್ ಮುಚ್ಚಿದಳು. ಒಳಗಿನವಳಂತೆ! ಬೆಕ್ಕಿಗೆ ಸಿಕ್ಕ ಜಾಗ ತನಗಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳ ಕೈ ಅಂಟಿನಲ್ಲಿ, ತಲೆ ಮೊದಲ ವಾಕ್ಯದಲ್ಲಿ. ‘ಒಳಗಿನವಳೇ’ ತೆಗೆದು ‘ಹತ್ತಿರದವಳು’ ಎನ್ನಬಹುದೇ? ‘ಅಕ್ಕಪಕ್ಕದವಳು’? ಹೀಗೆ ಅಳೆದು ಸುರಿದು ಮುಗಿಸಿ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದರೆ, ರಟ್ಟಿನ ಮೇಲೆ ಚಿನ್ನದ ಅಕ್ಷರ ನೆಟ್ಟಗಿದೆ, ಒಳಗಿನ ಪ್ರಬಂಧ ಇಡಿಯಾಗಿ ತಲೆಕೆಳಗು. ಒಂದಲ್ಲ, ಮೂರು ಪ್ರತಿ. ಗಿರಾಕಿ ಐದಕ್ಕೆ ಬರುವವರಿದ್ದರು.

ಅವಳು ಮೂರನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟಳು. ಮೇಸ್ತ್ರಿ ಬಂದು ನೋಡಿದ. ಹೊಲಿಗೆ ಅಕ್ಕನನ್ನು ನೋಡಿದ. ಅಕ್ಕ ಎದ್ದು ಬಾಗಿಲ ಕಡೆ ಮುಖ ಮಾಡಿ ನಿಂತಳು. ಮೇಸ್ತ್ರಿ ಚೂರಿಯಿಂದ ಮೂರೂ ಪ್ರತಿಗಳ ರಟ್ಟಿನ ಒಳಹಾಳೆಯನ್ನು ಮೆಲ್ಲಗೆ ಬಿಡಿಸಿ, ಅಂಟು ಕೆರೆದು, ಪುಸ್ತಕ ತಿರುಗಿಸಿ, ಹೊಸ ಹಾಳೆ ಅಂಟಿಸಿದ. ಕಟಿಂಗ್ ಮಷೀನಿನವನು ಕರೆಯದೆಯೇ ಬಂದು ಪ್ರೆಸ್ಸಿನ ಹಿಡಿ ತಿರುಗಿಸಿದ.

ಆಗಲೇ ಯಜಮಾನರು ಒಳಗೆ ಬಂದರು. “ಇನ್ನೂ ಪ್ರೆಸ್ಸಲ್ಲೇ ಇದೆಯಲ್ಲೋ?”

“ಅಂಟು ಒಣಗ್ತಿಲ್ಲ ಯಜಮಾನ್ರೇ. ಮೋಡ ನೋಡಿ.”

ಕಿಟಕಿಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಯಜಮಾನರು ಕಿಟಕಿ ನೋಡಿದರು, ನಾಲ್ವರ ಮುಖ ನೋಡಿದರು, ಚಪ್ಪಲಿ ಎಳೆದುಕೊಂಡು ತಮ್ಮ ಕೋಣೆಗೆ ಹೋದರು.

“ಇದನ್ನ ಬರ್ಕೋಬೇಡ ಕಣೇ,” ಎಂದಳು ಹೊಲಿಗೆ ಅಕ್ಕ.

“ಛೇ, ಇಲ್ಲಕ್ಕಾ,” ಎಂದಳು ಪಂಡಿತಮ್ಮ. ಮನಸ್ಸಿನಲ್ಲಿ ಆಗಲೇ ಎರಡು ಪ್ಯಾರಾ ಬರೆದಾಗಿತ್ತು, ಒಂದರಲ್ಲಿ ‘ಅಸ್ಮಿತೆ’ ಮೂರು ಸಲ ಬಂದಿತ್ತು.

ಶನಿವಾರ ಬಳಗದ ಕಾರ್ಯದರ್ಶಿಗಳು ಕನ್ನಡಕ ಏರಿಸಿ ಅವಳ ಪುಟ ಓದಿದರು. ‘ಒಳಗಿನವಳೇ’ ಎಂಬುದನ್ನು ಅವಳು ಹೊಡೆದುಹಾಕಿ, ಮತ್ತೆ ಅದನ್ನೇ ಬರೆದಿದ್ದಳು.

“ಚೆನ್ನಾಗಿದೆಯಮ್ಮಾ. ಆದ್ರೆ ಮೂರನೇ ಭಾಗ ಖಾಲಿ ಇದೆಯಲ್ಲ?”

“ಅದಕ್ಕೆ ಆಧಾರ ಸಿಕ್ಕಿದೆ ಸಾರ್. ಗಟ್ಟಿ ಆಧಾರ.”

“ಹಾಗಾದ್ರೆ ಬರೀರಿ!”

“ಬರೆದ್ರೆ ಆಮೇಲೆ ಅದು ಇರಲ್ಲ ಸಾರ್.”

ಕಾರ್ಯದರ್ಶಿಗಳು ಕನ್ನಡಕ ಇಳಿಸಿದರು. “ಆಧಾರ ತೋರಿಸದಿದ್ರೆ ಇತಿಹಾಸ ಆಗಲ್ಲಮ್ಮಾ,” ಎಂದು ಪುಟವನ್ನು ವಾಪಸು ಕೊಟ್ಟರು. ಅವಳು ಅದನ್ನು ನಾಲ್ಕಾಗಿ ಮಡಚಿದಳು. ಮಡಿಕೆ ಮಾತ್ರ ಅಚ್ಚುಕಟ್ಟಾಗಿತ್ತು.

ಸೋಮವಾರ ಅಂಗಡಿಗೆ ಕಾಲಿಡುತ್ತಲೇ ಮೇಸ್ತ್ರಿ ಕೇಳಿದ, “ಏನಾಯ್ತು ಪಂಡಿತಮ್ಮಾ?”

“ಫೇಲಾದೆ ಕಣಣ್ಣಾ.”

“ಯಾಕೆ?”

“ಮೂರನೇ ಭಾಗ ಬರೀಲಿಲ್ಲ.”

ಹೊಲಿಗೆ ಅಕ್ಕ ಬೆಂಚಿನ ಮೇಲೆ ಮಲಗಿದ್ದ ಬೆಕ್ಕನ್ನು ಅತ್ತ ಸರಿಸಿ, “ಬಾ, ಇಲ್ಲಿ ಕೂತ್ಕೋ,” ಎಂದಳು. ಹೊಸ ಪ್ರಬಂಧವೊಂದು ಮುಂದಿತ್ತು. ಪಂಡಿತಮ್ಮನ ಕೈ ತಾನಾಗಿಯೇ ಮೊದಲ ಪುಟ ತೆರೆಯಿತು. ಮೇಸ್ತ್ರಿ ಕೆಮ್ಮಿದ.

“ಓದ್ಕೋ, ಬೇಡ ಅನ್ನಲ್ಲ. ಮೊದ್ಲು ತಲೆ ಯಾವ ಕಡೆ ಅಂತ ನೋಡ್ಕೋ.”