ಸಮುದ್ರ ಸೇರುವ ನೀರು

“ಬಲಕ್ಕೆ ತಗೊಳ್ಳಿ, ಈ ಎಕ್ಸಿಟು,” ಎಂದಳು ಸೌದಾಮಿನಿ, ಗಂಡನ ಬೂದಿಯ ಡಬ್ಬವನ್ನು ಮಡಿಲಲ್ಲಿ ಅವುಚಿಕೊಂಡು.

ಶಿವರುದ್ರಪ್ಪ ಬ್ರೇಕು ಒತ್ತಿದ. “ಅಕ್ಕಾರ, ಗೋಲ್ಡನ್ ಗೇಟಿಗೆ ಸೀದಾ ಹೋಗಬೇಕ್ರಿ. ಬೋಟು ಬುಕ್ ಮಾಡೇವಿ.”

“ಬೋಟು ಬೇಡ.”

ಕನ್ನಡ ಸಂಘದ ಅಧ್ಯಕ್ಷನಾದ ಮೇಲೆ ಶಿವರುದ್ರಪ್ಪನಿಗೆ ಸಾವೂ ಒಂದು ಕಾರ್ಯಕ್ರಮ. ಮೊನ್ನೆ ದಹನಕ್ಕೆ ಮುಂಚೆ ಮೈಕು ಹಿಡಿದು, ಗುಣಪಾಲರು ಕೊಲ್ಲಿಯ ನೀರಿನ ನಾಡಿ ಬಲ್ಲವರು, ಲೆಕ್ಕ ತಪ್ಪದ ಮನುಷ್ಯ ಎಂದು ಹೊಗಳಿದ್ದೇ ಹೊಗಳಿದ್ದು. ಗಂಡ ಕೆಲಸ ಮಾಡುತ್ತಿದ್ದ ಕಂಪನಿಯಿಂದ ಬಂದವರು ಟೈ ಸರಿಮಾಡಿಕೊಳ್ಳುತ್ತ ತಲೆಯಾಡಿಸಿದರು. ಆಡಿಸದೆ ಏನು ಮಾಡುತ್ತಾರೆ? ಅವರಿಗೆ ಬೇಕಾದ ಉತ್ತರವನ್ನೇ ಕೊಟ್ಟು ಸತ್ತ ಪುಣ್ಯಾತ್ಮ. ಸೌದಾಮಿನಿಗೆ ಮೈಯೆಲ್ಲ ಉರಿದಿತ್ತು.

ಹೈವೇಯಿಂದ ಎಕ್ಸಿಟು ಇಳಿದೊಡನೆ ಗಬ್ಬು ವಾಸನೆ ಕಾರಿನೊಳಗೆ ನುಗ್ಗಿತು. ಹಿಂದಿನ ಸೀಟಿನಲ್ಲಿದ್ದ ಮಗಳು ದೀಪ್ತಿ ಮೂಗು ಮುಚ್ಚಿಕೊಂಡು, “ಅಮ್ಮ, ವೈ ಹಿಯರ್?” ಎಂದಳು.

“ನಿಮ್ಮಪ್ಪ ಮಾಡಿದ ಜಾಗ ಇದು.”

*

ದೀಪ್ತಿ ಹೈಸ್ಕೂಲಿನಲ್ಲಿದ್ದಾಗಿನ ಮಾತು. ಎವರ್‌ಗ್ರೀನ್ ಬಡಾವಣೆಯ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಗುಣಪಾಲ ಕೊಲ್ಲಿಯ ನೀರು ಓಡಿಸುತ್ತಿದ್ದ. ನೀರು ಎತ್ತ ಹರಿಯುತ್ತದೆಂದು ಲೆಕ್ಕ ಹಾಕಿ ತೋರಿಸುವ ಮಾಡೆಲು ಅಂತೆ. ದಕ್ಷಿಣದ ದಂಡೆಯಲ್ಲಿ ಕೊಳಚೆ ಕೊಳವೆ ಬಿಟ್ಟರೆ ಕೊಳೆ ಸಮುದ್ರ ಸೇರುತ್ತದೋ ಇಲ್ಲವೋ ಎಂದು ಅವನು ಹೇಳಬೇಕಿತ್ತು. ಪರದೆಯ ಮೇಲೆ ಕೊಳೆಯ ಕೆಂಪು ಮಚ್ಚೆ ಉಬ್ಬರಕ್ಕೆ ಒಳಗೆ, ಇಳಿತಕ್ಕೆ ಹೊರಗೆ ಓಲಾಡುತ್ತ ಅಲ್ಲೇ ಉಳಿಯಿತು.

“ಅದು ಹೋಗುದಿಲ್ಲ ಅಲ್ವಾ?” ಎಂದಳು, ಮಲ್ಪೆಯ ಮೀನುದೋಣಿಗಳ ದಕ್ಕೆಯ ಪಕ್ಕ ಉಬ್ಬರ ಇಳಿತ ನೋಡುತ್ತ ಬೆಳೆದ ಸೌದಾಮಿನಿ.

“ಹೋಗ್ತದೆ ಮಾರಾಯ್ತಿ. ತಳದ ಕೆಸರು ನೀರನ್ನು ಎಷ್ಟು ತಡೀತದೆ ಅಂತ ಒಂದು ಅಂಕಿ ಉಂಟು. ಅದನ್ನು ಸ್ವಲ್ಪ ಇಳಿಸಿದ್ರೆ ಆಯ್ತು. ಯಾರು ಮುಳುಗಿ ನೋಡ್ತಾರೆ?”

ಇಳಿಸಿದ. ಮಚ್ಚೆ ಸಲೀಸಾಗಿ ಕೊಲ್ಲಿಯ ಬಾಯಿ ಗೋಲ್ಡನ್ ಗೇಟು ದಾಟಿ ಸಮುದ್ರ ಸೇರಿತು. ಕೊಳವೆ ಬಂತು, ಅವನಿಗೆ ಪ್ರಮೋಷನ್ನೂ ಬಂತು. ಆಮೇಲೆ ದಂಡೆಯಲ್ಲಿ ಮೀನುಗಳು ಸತ್ತು ತೇಲಿದವು, ಅಲ್ಲಿನ ಬಡವರ ಟ್ರೇಲರು ಮನೆಗಳ ಮಕ್ಕಳ ಮೈಮೇಲೆ ಗುಳ್ಳೆ ಎದ್ದವು. ಪೇಪರಿನಲ್ಲಿ ಸುದ್ದಿ ಬಂದ ದಿನ ಅವನು ಪುಟ ತಿರುವಿ ಪಿಜ್ಜಾದ ಕೂಪನ್ನು ಕತ್ತರಿಸಿದ. ಅಂಥ ಹೇಡಿ.

ಕಳೆದ ವಾರ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು, “ನನ್ನನ್ನು ಗೋಲ್ಡನ್ ಗೇಟಿನ ಹತ್ರವೇ ಬಿಡು, ಇಳಿತದ ಹೊತ್ತಿಗೆ,” ಎಂದಿದ್ದ.

“ಕೊಳವೆ ಹತ್ರ ಬಿಟ್ರೂ ಅಲ್ಲಿಗೇ ಹೋಗ್ತದಲ್ಲ? ನೀವೇ ಬರೆದು ಕೊಟ್ಟದ್ದು.”

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

*

ಕೊಳವೆಯ ಬಾಯಿಂದ ಬೂದುಬಣ್ಣದ ನೀರು ಸುರಿಯುತ್ತಿತ್ತು. ಶಿವರುದ್ರಪ್ಪ ಬಿಳಿ ಶೂಸು ಕೆಸರಾಗದ ಹಾಗೆ ಕಲ್ಲಿನ ಮೇಲೆ ನಿಂತ. “ಅಕ್ಕಾರ, ಅವರ ಕಡೀ ಆಸೆ ಐತ್ರಿ. ಮಂದಿ ಏನಂತಾರ?”

“ಲೆಕ್ಕ ತಪ್ಪದ ಮನುಷ್ಯ ಅಂತ ಮೊನ್ನೆ ನೀವೇ ಹೇಳಿದ್ರಲ್ಲ. ನಂಬಿ ಬಿಡ್ತಾ ಇದ್ದೇನೆ.”

ಡಬ್ಬ ಬೋರಲು ಹಾಕಿದಳು. ಮೇಲೆ ಚೆಂಡುಹೂವಿನ ಹಾರ ಎಸೆದಳು. ಇದೊಂದು ಸಲ ಇವರ ಲೆಕ್ಕ ಸರಿಯಾಗಲಿ ದೇವರೇ, ಇಷ್ಟು ವರ್ಷ ಬೈದುಕೊಂಡ ನಾನೇ ಸುಳ್ಳಾಗಲಿ, ಎಂದುಕೊಂಡಳು.

ಕೊಳವೆಯ ರಭಸಕ್ಕೆ ಹಾರ ದೂರ ತೇಲಿತು. ಶಿವರುದ್ರಪ್ಪ ಫೋನಿನಲ್ಲಿ ವಿಡಿಯೋ ತೆಗೆಯುತ್ತ, “ಹೊಂಟ್ರು ನೋಡ್ರಿ, ಸಮುದ್ರಕ್ಕ ಹೊಂಟ್ರು,” ಎಂದ.

ಅಷ್ಟರಲ್ಲಿ ಹಾರ ನಿಂತಿತು. ಉಬ್ಬರದ ನೀರು ಏರುತ್ತಿತ್ತು.

“ಅಮ್ಮ, ಇಟ್ಸ್ ಕಮಿಂಗ್ ಬ್ಯಾಕ್.”

ಹಾರ ದಂಡೆಗೆ ಬಂದು ಸತ್ತ ಮೀನುಗಳ ನಡುವೆ ಕೆಸರಿಗೆ ಅಂಟಿತು. ಶಿವರುದ್ರಪ್ಪ ಫೋನು ಜೇಬಿಗಿಳಿಸಿದ. ಸೌದಾಮಿನಿ ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ಕೆಸರಿಗಿಳಿದು, ಹಾರವನ್ನು ಎತ್ತಿ ಮತ್ತೆ ದೂಡಿದಳು. ಅದು ತಿರುಗಿ ಬಂದು ಅವಳ ಕಾಲಿಗೇ ಸುತ್ತಿಕೊಂಡಿತು.