ಚೀಟಿಯ ಕೆಳಗಿನ ಫಲಕ

“ಫ್ಲಾಪ್ ಪೂರ್ತಿ ಇಳಿದಿದ್ದಾಗ ಸ್ಲಿಪ್ ಮಾಡೋಕೆ ನಿಮಗೆ ಯಾರು ಹೇಳಿಕೊಟ್ಟಿದ್ದು?” ವಿಚಾರಣಾಧಿಕಾರಿ ಎರಡನೇ ಸಲ ಕೇಳಿದರು.

ಗಲ್ಲಕ್ಕೆ ಪಟ್ಟಿ ಹಾಕಿಸಿಕೊಂಡಿದ್ದ ಹುಡುಗಿ ಪಕ್ಕದ ಕುರ್ಚಿಯ ಕಡೆ ನೋಡಲಿಲ್ಲ. ಅಲ್ಲಿ ಕೂತಿದ್ದ ಮೇಷ್ಟ್ರು ಅವಳಿಗೆ ವಿಮಾನ ಹಾರಿಸಲು ಕಲಿಸಿದವರು, ಅವಳಮ್ಮನ ಒಡಹುಟ್ಟಿದ ಅಣ್ಣ.

ಹೇಳಿಕೊಟ್ಟವರು ಅವರೇ. ಇಳಿಯುವಾಗ ವಿಮಾನ ಎತ್ತರದಲ್ಲೇ ಉಳಿದುಬಿಟ್ಟರೆ ಒಂದು ರೆಕ್ಕೆ ತಗ್ಗಿಸಿ, ಮೂತಿಯನ್ನು ಇನ್ನೊಂದು ಕಡೆಗೆ ತಿರುಗಿಸಿ ಹಿಡಿಯಬೇಕು; ಬಾಗಿಲಲ್ಲಿ ಮಂಚವನ್ನು ಓರೆ ಮಾಡಿ ತಂದ ಹಾಗೆ ವಿಮಾನ ಓರೆಯಾಗಿ ಬೇಗ ಕೆಳಗಿಳಿಯುತ್ತದೆ. ಅದೇ ಸ್ಲಿಪ್. ರೆಕ್ಕೆಯ ಹಿಂಬದಿಯ ಹಲಗೆಗಳನ್ನು, ಅಂದರೆ ಫ್ಲಾಪುಗಳನ್ನು, ಪೂರ್ತಿ ಇಳಿಸಿರುವಾಗ ಹೀಗೆ ಮಾಡಿದರೆ ಆ ಜಾತಿಯ ವಿಮಾನ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಮೂತಿ ಕುಕ್ಕಿ ತಲೆಯಾಡಿಸುತ್ತದೆ. ಮಾಡಬೇಡಿ ಎಂದು ಕಣ್ಣೆದುರಿಗೇ ಬೆರಳುದ್ದದ ಫಲಕವಿರುತ್ತದೆ. “ಅದೆಲ್ಲ ಪುಕ್ಕಲರಿಗೆ” ಎಂದು ಮೇಷ್ಟ್ರು ಫ್ಲೈಯಿಂಗ್ ಕ್ಲಬ್ಬಿನ ಎರಡೂ ವಿಮಾನಗಳಲ್ಲಿ ಅದರ ಮೇಲೆಯೇ, ಹಾರುವ ಮೊದಲು ಏನೇನು ನೋಡಿಕೊಳ್ಳಬೇಕೆಂಬ ತಮ್ಮ ತಪಾಸಣೆ ಚೀಟಿ ಅಂಟಿಸಿದ್ದರು. ಚೀಟಿ ಬರೆದುಕೊಟ್ಟವಳು ಇದೇ ಹುಡುಗಿ, ಹೈಸ್ಕೂಲಿನ ರಜೆಯಲ್ಲಿ. ಮಾವನ ವಿಮಾನಕ್ಕೆ ಎಂದು ಒಂದೊಂದು ಅಕ್ಷರವನ್ನೂ ಗುಂಡಗೆ ತಿದ್ದಿದ್ದಳು.

ನಿನ್ನೆ ಒಬ್ಬಳೇ ಇಳಿಯುತ್ತಿದ್ದಾಗ ವಿಮಾನ ತಲೆಯಾಡಿಸಿತು. ಮುಂದಿನ ಚಕ್ರ ಮುರಿಯಿತು. ಮುಂದಿನ ತಿಂಗಳು ಅವಳು ಸರಕು ವಿಮಾನದ ಕೆಲಸಕ್ಕೆ ಸೇರಬೇಕಿತ್ತು. ಲೈಸೆನ್ಸಿಗೆ ಕಪ್ಪುಚುಕ್ಕೆ ಬಿದ್ದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ಮೇಷ್ಟ್ರ ಹೆಸರಿನಲ್ಲೂ ಹಳೆಯದೊಂದು ಎಚ್ಚರಿಕೆ ಪತ್ರವಿತ್ತು. ಇನ್ನೊಂದು ಬಂದರೆ ಕಲಿಸುವ ಹಕ್ಕು ಹೋಗುತ್ತಿತ್ತು.

“ಎದುರಿಗೇ ಬರೆದಿದೆ,” ಮೇಷ್ಟ್ರು ಬಾಯಿ ಹಾಕಿದರು. “ಅದನ್ನ ಮೀರಿ ನಾನ್ಯಾಕೆ ಹೇಳ್ಕೊಡ್ಲಿ?”

ಅಧಿಕಾರಿ ಬೆಳಿಗ್ಗೆ ತೆಗೆದ ಫೋಟೋ ಮುಂದೆ ಸರಿಸಿದರು. ಇನ್ನೂರು ಗಂಟೆ ಹಾರಿದವಳು ಆ ಫಲಕವನ್ನು ಕಂಡದ್ದು ಅದೇ ಮೊದಲು. ಫಳಫಳ ಹೊಳೆಯುತ್ತಿತ್ತು. ಅವಳು ಮೆಲ್ಲಗೆ ಮಾವನ ಕೈ ನೋಡಿದಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಅಂಟು ಕಪ್ಪಗೆ ಮೆತ್ತಿಕೊಂಡಿತ್ತು. ಆಸ್ಪತ್ರೆಯಲ್ಲಿ ಅವಳ ಗಲ್ಲಕ್ಕೆ ಹೊಲಿಗೆ ಹಾಕುತ್ತಿದ್ದ ಹೊತ್ತಿನಲ್ಲಿ ಈ ಮಹಾನುಭಾವರು ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಚೀಟಿ ಕಿತ್ತು ಫಲಕ ಉಜ್ಜುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅವಳ ಅಂಕಪಟ್ಟಿಗಳಿಗೆಲ್ಲ ಸಹಿ ಹಾಕಿದ್ದೂ ಅದೇ ಕೈ. ಅವಳಿಗೆ ಅಸಹ್ಯವಾಯಿತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

“ಈ ಫಲಕ ಇತ್ತಲ್ಲಮ್ಮ?”

“ಇತ್ತು. ನಾನೇ ಗಮನಿಸ್ಲಿಲ್ಲ.”

ಅಧಿಕಾರಿ ‘ಚಾಲಕಿಯ ನಿರ್ಲಕ್ಷ್ಯ’ ಎಂದು ಬರೆದುಕೊಂಡು, ಅವಳ ಲೈಸೆನ್ಸನ್ನು ಲಕೋಟೆಗೆ ಹಾಕಿ ಬಾಯಿ ಅಂಟಿಸಿದರು.

ಹೊರಗೆ ಮೆಟ್ಟಿಲ ಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಸ್ವಲ್ಪ ದಿನ ಕಳೀಲಿ, ಎಲ್ಲ ತಣ್ಣಗಾಗುತ್ತೆ. ನಿಮ್ಮಮ್ಮನಿಗೆ ನಾನು ಹೇಳ್ತೀನಿ ಬಿಡು.”

“ಏನಂತ ಹೇಳ್ತೀರಿ ಸರ್?”

ವಿಮಾನದೊಳಗೆ ಮಾವ ಗೀವ ಅನ್ನಬೇಡ, ಸರ್ ಅನ್ನು ಎಂದು ಅವರು ಎಷ್ಟು ಗದರಿದ್ದರೂ ಅವಳು ಕೇಳಿದವಳಲ್ಲ. ಈಗ ಉತ್ತರಕ್ಕೆ ಕಾಯದೆ ಬಸ್ಸಿನ ಕಡೆಗೆ ನಡೆದುಬಿಟ್ಟಳು.

ಮರುದಿನ ಬೆಳಿಗ್ಗೆ ಇನ್ನೊಂದು ವಿಮಾನದಲ್ಲಿ ಹಲ್ಲಿನ ಡಾಕ್ಟರೊಬ್ಬರ ಪಾಠವಿತ್ತು. ಡಾಕ್ಟರು ಸೀಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಾಗ ಮೇಷ್ಟ್ರು ಉಗುರು ಹಾಕಿ ಚೀಟಿಯ ಮೂಲೆ ಎಬ್ಬಿಸಿದರು.

“ಅದ್ಯಾಕೆ ಕೀಳ್ತಿದ್ದೀರಿ ಮೇಷ್ಟ್ರೇ? ಅಕ್ಷರ ಚೆನ್ನಾಗಿದೆಯಲ್ಲ.”

“ಹಳೇದಾಯ್ತು.”

ಈ ಚೀಟಿ ಅಷ್ಟು ಸುಲಭವಾಗಿ ಬರಲಿಲ್ಲ. ಜಗ್ಗಿದಾಗ ಅರ್ಧ ಹರಿದು ಕೈಗೆ ಬಂತು. ಉಳಿದರ್ಧ, ಗುಂಡುಗುಂಡಾದ ಅಕ್ಷರಗಳ ಸಮೇತ, ಫಲಕದ ಮೇಲೆ ಹಾಗೆಯೇ ಅಂಟಿಕೊಂಡಿತ್ತು.